ಎಸ್ಟಿಮೇಟ್ ಚೀಟಿಯನ್ನು ಕೊಳ್ಳುವವರಿಗೆ ತೋರಿಸಬೇಕೆ?

ಪ್ರಶ್ನೆ: ನನ್ನದು 2014ರ ಡೀಸೆಲ್ ಕಾರು, 92,000 ಕಿಲೋಮೀಟರ್ ಓಡಿದೆ. ಮಾರುವ ಮುನ್ನ ಒಮ್ಮೆ ನೋಡಿಸೋಣವೆಂದು ಸರ್ವಿಸ್‌ಗೆ ಬಿಟ್ಟಾಗ, ಕ್ಲಚ್ ಪ್ಲೇಟ್ ಸವೆದಿದೆ, ಮುಂದಿನ ಬ್ರೇಕ್ ಪ್ಯಾಡ್ ಮುಗಿದಿದೆ, ಲೋವರ್ ಆರ್ಮ್ ಬುಷ್ ಹೋಗಿದೆ, ಟ್ಯಾಪೆಟ್ ಕವರಿನಿಂದ ಆಯಿಲ್ ಒಸರುತ್ತಿದೆ ಎಂದು 58,000 ರೂಪಾಯಿಯ ಎಸ್ಟಿಮೇಟ್ ಕೊಟ್ಟರು. ಆಗಾಗ ಉರಿಯುವ ಎಂಜಿನ್ ದೀಪವನ್ನು ಸ್ಕ್ಯಾನರ್‌ನಿಂದ ಅಳಿಸಿಕೊಡುವುದಾಗಿ ಬೇರೊಬ್ಬ ಮೆಕ್ಯಾನಿಕ್ ಹೇಳುತ್ತಾರೆ. ಪರಿಚಿತರೊಬ್ಬರೊಂದಿಗೆ 2,80,000ಕ್ಕೆ ಮಾತಾಗಿದೆ. ‘ನೀವು ಏನೂ ಹೇಳದಿದ್ದರೆ ಗಾಡಿ ಸರಿಯಾಗಿದೆ ಎಂದೇ ತಿಳಿಯುತ್ತೇನೆ’ ಎಂದು ಅವರು ಹೇಳಿದ್ದಾರೆ. ಎಲ್ಲ ರಿಪೇರಿಯನ್ನೂ ಮಾಡಿಸಬೇಕೆ, ಇದ್ದ ಹಾಗೆಯೇ ಕೊಡಬಹುದೆ?
– ಓದುಗರು, ದಾವಣಗೆರೆ

ಉತ್ತರ: ಎಲ್ಲವನ್ನೂ ಮಾಡಿಸುವ ಅಗತ್ಯವಿಲ್ಲ, ಆದರೆ ಎಸ್ಟಿಮೇಟ್ ಚೀಟಿಯನ್ನು ಅವರಿಗೆ ತೋರಿಸಲೇಬೇಕು. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನಲ್ಲಿ ಇದಕ್ಕೆ ಹೊಂದುವ ಒಂದು ಕುದುರೆಯ ಉದಾಹರಣೆಯಿದೆ. ಕುದುರೆಗೆ ದೋಷವಿದೆಯೆಂದು ತಿಳಿದೂ ಹರಾಜಿನಲ್ಲಿ ಸುಮ್ಮನೆ ಮಾರಿದರೆ ಅದು ವಂಚನೆಯಲ್ಲ. ಆದರೆ ‘ನೀನು ಅಲ್ಲವೆನ್ನದಿದ್ದರೆ ಕುದುರೆ ಸರಿಯಾಗಿದೆಯೆಂದು ಭಾವಿಸುತ್ತೇನೆ’ ಎಂದು ಕೊಳ್ಳುವವನು ಹೇಳಿದ ಮೇಲೂ ಮಾರುವವನು ಬಾಯಿ ತೆರೆಯದಿದ್ದರೆ, ಆ ಮೌನವೇ ಮಾತಿಗೆ ಸಮ. ನಿಮ್ಮ ಪರಿಚಿತರು ತಿಳಿದೋ ತಿಳಿಯದೆಯೋ ಆ ಮಾತನ್ನೇ ಆಡಿದ್ದಾರೆ. ಎಂಜಿನ್ ದೀಪವನ್ನು ಅಳಿಸಿ ಕೊಡುವುದಂತೂ ಮೌನವೂ ಅಲ್ಲ, ದೋಷವನ್ನು ಬೇಕೆಂದೇ ಮರೆಮಾಚುವುದು. ಅದೇ ಕಲಮು ಅದನ್ನೂ ವಂಚನೆಯೆಂದೇ ಎಣಿಸುತ್ತದೆ. ಮೇಲಾಗಿ ಆ ಉಪಾಯ ನಿಲ್ಲುವಂಥದ್ದೂ ಅಲ್ಲ: ದೀಪ ಉರಿಸುವ ದೋಷದ ಕೋಡ್ ಅಳಿಸಿದಾಗ ಕಾರಿನ ಕಂಪ್ಯೂಟರ್ ತನ್ನ ಸ್ವಯಂಪರೀಕ್ಷೆಗಳನ್ನು ಮೊದಲಿನಿಂದ ಆರಂಭಿಸುವುದರಿಂದ, ಅವು ಇನ್ನೂ ಮುಗಿದಿಲ್ಲವೆಂಬುದು ಕೊಳ್ಳುವವರ ಮೆಕ್ಯಾನಿಕ್ ಸ್ಕ್ಯಾನರ್ ಜೋಡಿಸಿದೊಡನೆ ಕಾಣಿಸಬಹುದು. ಅಳಿಸುವ ಬದಲು ಆ ಕೋಡ್ ಯಾವುದೆಂದು ಓದಿಸಿ ಬರೆಸಿಕೊಳ್ಳಿ. ಕೆಲವೊಮ್ಮೆ ಒಂದು ಸೆನ್ಸರ್ ಅಥವಾ ಸಡಿಲಾದ ವೈರಿನಲ್ಲೇ ವಿಷಯ ಮುಗಿಯುತ್ತದೆ.

ಇನ್ನು ಖರ್ಚಿನ ಮಾತು. ಬ್ರೇಕ್ ಪ್ಯಾಡ್ ಮತ್ತು ಚಕ್ರದ ತೋಳಿನ ರಬ್ಬರ್ ಬುಷ್‌ಗಳನ್ನು ನೀವೇ ಹಾಕಿಸಿ, ಏಕೆಂದರೆ ಕೊಳ್ಳುವವರು ಟ್ರಯಲ್ ನೋಡುವುದೂ ಅದೇ ಗಾಡಿಯಲ್ಲಿ. ಬ್ರೇಕ್ ವಿಷಯದಲ್ಲಿ ಚೌಕಾಸಿ ಸಲ್ಲದು. ಎಂಜಿನ್ನಿನ ಮೇಲ್ಮುಚ್ಚಳವಾದ ಟ್ಯಾಪೆಟ್ ಕವರಿನ ಒಸರು ಸಾಮಾನ್ಯವಾಗಿ ಅದರ ಅಂಚಿನ ಗ್ಯಾಸ್ಕೆಟ್ ಗಟ್ಟಿಯಾಗಿ ಆಗುವಂಥದ್ದು, ಅದನ್ನು ಬದಲಿಸುವುದು ದೊಡ್ಡ ಕೆಲಸವಲ್ಲ. ಪಟ್ಟಿಯಲ್ಲಿ ಭಾರವಾದದ್ದು ಕ್ಲಚ್ ಒಂದೇ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಆಕ್ಸಿಲರೇಟರ್ ಒತ್ತಿ ನೋಡಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಮಾತ್ರ ಅದು ಜಾರುತ್ತಿದೆ ಎಂದರ್ಥ. ಹಾಗೆ ಜಾರುತ್ತಿದ್ದರೂ ಮಾರುವ ಮುನ್ನ ಹೊಸ ಕ್ಲಚ್ ಹಾಕಿಸುವುದು ನನಗೆ ಸರಿಯೆನಿಸದು: ಹಾಕಿದ ಹಣವಷ್ಟೂ ಬೆಲೆಯಲ್ಲಿ ಮರಳಿ ಬರುವುದು ಅಪರೂಪ, ಕೊಳ್ಳುವವರಿಗೂ ತಮ್ಮ ನಂಬಿಕೆಯ ಗ್ಯಾರೇಜಿನಲ್ಲಿ ಮಾಡಿಸಿಕೊಳ್ಳುವುದೇ ಇಷ್ಟವಿರುತ್ತದೆ.

ಹೊರಗಿನ ಒಂದು ಒಳ್ಳೆಯ ಗ್ಯಾರೇಜಿನಲ್ಲಿ, ಬಿಡಿಭಾಗದ ಬೆಲೆ, ಲೇಬರ್, ಜಿಎಸ್‌ಟಿ ಬೇರೆ ಬೇರೆಯಾಗಿ ಕಾಣುವಂತೆ ಕ್ಲಚ್‌ಗೆ ಇನ್ನೊಂದು ಎಸ್ಟಿಮೇಟ್ ಬರೆಸಿ, ಮಾತಾದ ಬೆಲೆಯಲ್ಲಿ ಅದರ ಅರ್ಧದಷ್ಟನ್ನು ಬಿಡಲು ಸಿದ್ಧರಾಗಿರಿ. ಪೂರ್ತಿ ಬಿಡಬೇಕಾಗಿಲ್ಲ, ಇಷ್ಟು ಓಡಿದ ಕಾರಿನಲ್ಲಿ ಹೊಸ ಕ್ಲಚ್ ಇರುತ್ತದೆಂದು ಯಾರೂ ಎಣಿಸಿರುವುದಿಲ್ಲ. (ಸರ್ವಿಸ್‌ನವರ ಪಟ್ಟಿಯಲ್ಲಿ ಎಂಜಿನ್ ಒಳಗಿನ ಮಸಿ ತೆಗೆಯುವ ಡೀಕಾರ್ಬನೈಸಿಂಗ್, ಒಳಾಂಗಣ ಶುಚಿ ಮುಂತಾದವು ಸೇರಿಕೊಂಡಿದ್ದರೆ ಅವನ್ನು ಮೊದಲೇ ಹೊಡೆದುಹಾಕಿ.) ಕೊನೆಗೆ ಮಾರಾಟ ಪತ್ರದಲ್ಲಿ ‘ಕ್ಲಚ್ ಸವೆದಿರುವುದನ್ನೂ ಎಂಜಿನ್ ದೀಪ ಉರಿಯುವುದನ್ನೂ ಕೊಳ್ಳುವವರಿಗೆ ತಿಳಿಸಲಾಗಿದೆ’ ಎಂಬ ಸಾಲು ಸೇರಿಸಿ, ಎಸ್ಟಿಮೇಟಿನ ಪ್ರತಿಯ ಮೇಲೆ ಇಬ್ಬರೂ ಸಹಿ ಮಾಡಿ.

ಪ್ರಶ್ನೆ: ಕಾರು ಮಾರಿ, ಹಣ ಪಡೆದು, ಆರ್‌ಸಿಯನ್ನೂ ಕೊಟ್ಟಾಯಿತು. ಹೆಸರು ಬದಲಾವಣೆ ಕೊಳ್ಳುವವರ ಪಾಡಲ್ಲವೆ?
– ಓದುಗರು, ತುಮಕೂರು

ಉತ್ತರ: ನಿಮ್ಮ ಪಾಡೂ ಹೌದು. ಒಂದೇ ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ ಆರ್‌ಟಿಓಗೆ ತಿಳಿಸುವುದು ಮಾರಿದವರ ಹೊಣೆ. ಅದಕ್ಕಿರುವುದು ನಮೂನೆ 29. ವರ್ಗಾವಣೆಯ ಅರ್ಜಿಯಾದ ನಮೂನೆ 30ಕ್ಕೂ ನಿಮ್ಮ ಸಹಿ ಬೇಕು. ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರೆಂದು, ಗಾಡಿ ಕೈಯಿಂದ ಕೈಗೆ ದಾಟಿದ್ದರೂ ಅಪಘಾತದ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕಾರಿಗೆ ಅಂಟಿಸಿರುವ ಫಾಸ್ಟ್ಯಾಗ್ ಖಾತೆಯನ್ನೂ ಇಂದೇ ಮುಚ್ಚಿಸಿ. ಇಲ್ಲದಿದ್ದರೆ ಕೊಂಡವರು ದಾಟುವ ಟೋಲ್‌ಗಳ ಹಣ ನಿಮ್ಮ ಖಾತೆಯಿಂದಲೇ ಹೋಗುತ್ತಿರುತ್ತದೆ.