ಯೂನಿಫಾರ್ಮ್ ಸರಿಯಿಲ್ಲ ಅಂತ ಮಗುವನ್ನು ಕ್ಲಾಸಿನ ಹೊರಗೆ ನಿಲ್ಲಿಸಬಹುದಾ?

ಇಲ್ಲ. ಯೂನಿಫಾರ್ಮ್ ಹಾಕಿಕೊಂಡು ಬನ್ನಿ ಎಂದು ಶಾಲೆ ಹೇಳಬಹುದು. ಆದರೆ ಶೂ ಬಣ್ಣ ಬೇರೆ, ಟೈ ಇಲ್ಲ ಅಂತ ಮಗುವನ್ನು ಬಿಸಿಲಲ್ಲಿ ನಿಲ್ಲಿಸುವುದು, ಎಲ್ಲರೆದುರು ಅವಮಾನ ಮಾಡುವುದು ತಪ್ಪು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಹಾಗೆ ಮಾಡಿದವರ ಮೇಲೆ ಶಿಸ್ತುಕ್ರಮ ಆಗಬೇಕು ಅಂತಲೂ ಅಲ್ಲೇ ಇದೆ. 8ನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ತೆಗೆದುಹಾಕುವಂತೆಯೂ ಇಲ್ಲ.

ನನಗೆ ಬೇಸರವಾಗುವುದು ಇನ್ನೊಂದಕ್ಕೆ. ಯೂನಿಫಾರ್ಮ್ ತೊಡದೆ ಬರುವ ಮಕ್ಕಳಲ್ಲಿ ಎಷ್ಟೋ ಮಂದಿ ಬೇಕಂತಲೇ ಹಾಗೆ ಬರುವುದಿಲ್ಲ. ಮಲೆನಾಡಿನ ಜುಲೈ ಮಳೆಯಲ್ಲಿ ಒದ್ದೆಯಾದ ಶೂ ಒಂದೇ ರಾತ್ರಿಗೆ ಒಣಗುತ್ತಾ? ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಉಚಿತ ಸಮವಸ್ತ್ರ ಸಿಗುತ್ತದೆ, ನಿಜ. ಅದು ಕೈಗೆ ಬರುವುದು ತಡವಾದರೆ ತಪ್ಪು ಮಗುವಿನದಲ್ಲ ಅಲ್ವಾ? ಬಟ್ಟೆ ಕೊಳ್ಳುವುದು ದೊಡ್ಡವರು, ಶಿಕ್ಷೆ ಮಾತ್ರ ಮಗುವಿಗೆ. ಡೈರಿಯಲ್ಲಿ ಎರಡು ಸಾಲು ಬರೆದು ಕಳಿಸಿದರೆ ಸಾಕಿತ್ತು.

ನಿಮ್ಮ ಮಗುವಿಗೆ ಹೀಗಾಗಿದ್ದರೆ ಮೊದಲು ಮುಖ್ಯ ಶಿಕ್ಷಕರ ಹತ್ತಿರ ಮಾತಾಡಿ. ಯಾವ ದಿನ, ಎಷ್ಟು ಹೊತ್ತು, ಏನಾಯಿತು ಎಂದು ಬರೆದುಕೊಡಿ, ಸುಮ್ನೆ ಬಾಯಲ್ಲಿ ಹೇಳಿ ಬರಬೇಡಿ. ಸರಿಹೋಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ, ಆಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಕೊಡಿ. ಮಗು ತುಂಬಾ ಹೆದರಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು.