ಹಳೇ ಡ್ಯಾಕ್‌ಗೆ ಹೈ-ರೆಸ್ ಹಾಡು ಹೊಂದುತ್ತಾ?

ಪ್ರಶ್ನೆ: ಸರ್, ನನ್ನ ಹತ್ರ 2009ರಲ್ಲಿ ತಗೊಂಡ ಕೇಂಬ್ರಿಡ್ಜ್ ಆಡಿಯೋ ಡ್ಯಾಕ್‌ಮ್ಯಾಜಿಕ್ ಇದೆ (ಡ್ಯಾಕ್ ಅಂದ್ರೆ ಡಿಜಿಟಲ್ ಹಾಡನ್ನ ಆಂಪ್‌ಗೆ ಹೋಗೋ ಸಿಗ್ನಲ್ ಆಗಿ ಬದಲಾಯಿಸೋ ಡಬ್ಬಿ), ಈಗ್ಲೂ ಚೆನ್ನಾಗೇ ಹಾಡುತ್ತೆ. ಈಚೆಗೆ ಆಪಲ್ ಮ್ಯೂಸಿಕ್ ಹಾಕ್ಕೊಂಡೆ, ವಿಂಡೋಸ್ ಲ್ಯಾಪ್‌ಟಾಪಿಂದ ಯುಎಸ್‌ಬಿ ಕೇಬಲ್‌ನಲ್ಲಿ ಕೊಟ್ಟಿದೀನಿ. ಆ್ಯಪ್‌ನಲ್ಲಿ 24 ಬಿಟ್ 192 ಕಿಲೋಹರ್ಟ್ಸ್, ಅಂದ್ರೆ ಹೈ-ರೆಸ್ ಅಂತ ತೋರಿಸುತ್ತೆ, ಡ್ಯಾಕ್ ಮೇಲೆ ನೋಡಿದ್ರೆ 48ರ ಲೈಟು. ಅಂಗಡಿಯವ್ರು ಹೊಸದೇ ತಗೊಳ್ಳಿ ಅಂತಾರೆ. ತಗೊಳ್ಲಾ?
– ಓದುಗರು, ಶಿವಮೊಗ್ಗ

ಉತ್ತರ: ಬೇಡ ಸರ್, ದುಡ್ಡು ಜೇಬಲ್ಲೇ ಇರ್ಲಿ. ಡ್ಯಾಕ್ ಕೆಟ್ಟಿಲ್ಲ, ನೀವು ಚಿಕ್ಕ ಬಾಗಿಲಿಂದ ಒಳಗೆ ಕಳಿಸ್ತಿದೀರ ಅಷ್ಟೇ. ಇಲ್ಲಿ ಕಿಲೋಹರ್ಟ್ಸ್ ಅಂದ್ರೆ ಸೆಕೆಂಡಿಗೆ ಶಬ್ದವನ್ನ ಎಷ್ಟು ಸಾವಿರ ಸಲ ಅಳೀತಾರೆ ಅಂತ, ಬಿಟ್ ಅಂದ್ರೆ ಒಂದೊಂದು ಅಳತೆ ಎಷ್ಟು ನಿಖರ ಅಂತ. ಆ ಮಾಡೆಲ್‌ನ ಯುಎಸ್‌ಬಿ ತಗೊಳ್ಳೋದು 16 ಬಿಟ್ 48 ಕಿಲೋಹರ್ಟ್ಸ್‌ವರೆಗೆ ಮಾತ್ರ, ಆ ಕಾಲದ ಸುಮಾರು ಡ್ಯಾಕ್‌ಗಳದ್ದು ಇದೇ ಕಥೆ. ಅದೇ ಡಬ್ಬಿಯ ಹಿಂದಿರೋ ಕೋಆಕ್ಸಿಯಲ್, ಆಪ್ಟಿಕಲ್ ಅನ್ನೋ ಬೇರೆ ಎರಡು ಡಿಜಿಟಲ್ ಕಿಂಡಿಗಳು 24 ಬಿಟ್ 96ವರೆಗೆ ತಗೊಳ್ಳುತ್ತೆ. ಈಗ ಏನಾಗ್ತಿದೆ ಅಂದ್ರೆ 192ರ ಹಾಡನ್ನ ವಿಂಡೋಸೇ 48ಕ್ಕೆ ಇಳಿಸಿ ಕಳಿಸುತ್ತೆ, ಡ್ಯಾಕ್ ಒಳಗೆ ಹೋದ್ಮೇಲೆ ಅದು ಮತ್ತೆ 192ಕ್ಕೆ ಏರಿಸ್ಕೊಳ್ಳುತ್ತೆ (ಆ ಮಾಡೆಲ್ ಎಲ್ಲಾ ಹಾಡಿಗೂ ಹಾಗೇ ಮಾಡೋದು), ಆದ್ರೆ ದಾರೀಲಿ ಉದುರಿದ್ದು ವಾಪಸ್ ಬರಲ್ಲ.

ಯುಎಸ್‌ಬಿಯನ್ನ ಕೋಆಕ್ಸಿಯಲ್‌ಗೆ ಬದಲಾಯಿಸೋ ಪುಟ್ಟ ಕನ್ವರ್ಟರ್ ಸಿಗುತ್ತೆ, 24 ಬಿಟ್ 96 ಕೊಡುತ್ತಾ ಅಂತ ಕೇಳಿ ತಗೊಳ್ಳಿ. ಆಮೇಲೆ ವಿಂಡೋಸ್ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಆ ಕನ್ವರ್ಟರ್ ಮೇಲೆ ಒತ್ತಿ ಫಾರ್ಮ್ಯಾಟ್ 24 ಬಿಟ್, 96000 ಇಡಿ. ಆಸೆಗೆ ಬಿದ್ದು 192 ಇಟ್ರೆ ನಿಮ್ಮ ಡ್ಯಾಕ್‌ಗೆ ಅದು ಅರ್ಥ ಆಗಲ್ಲ, ಹಾಡೇ ಬರಲ್ಲ. ಇನ್ನೊಂದು, ವಿಂಡೋಸ್ ಹಾಡಿಗೆ ತಕ್ಕಂತೆ ರೇಟ್ ತಾನಾಗೇ ಬದಲಾಯಿಸಲ್ಲ, ನೀವು ಇಟ್ಟಿದ್ದಕ್ಕೇ ಎಲ್ಲಾನೂ ತಿರುಗಿಸುತ್ತೆ, ಹಾಗಾಗಿ ಕೇಳೋದು ಜಾಸ್ತಿ ಸಿಡಿ ಕಾಲದ 44.1ರ ಹಾಡುಗಳೇ ಆದ್ರೆ 44100 ಇಟ್ಟು ಬಿಟ್ಬಿಡಿ. ವಾಲ್ಯೂಮ್ ಲ್ಯಾಪ್‌ಟಾಪ್‌ನಲ್ಲಿ ಪೂರ್ತಿ ಇಟ್ಟು ಆಂಪ್‌ನಲ್ಲಿ ಕಮ್ಮಿ ಮಾಡ್ಕೊಳ್ಳಿ.

ಇಷ್ಟೆಲ್ಲಾ ಮಾಡಿದ್ರೆ ಕಿವಿಗೆ ಗೊತ್ತಾಗುತ್ತಾ? ನನ್ನ ಕೇಳಿದ್ರೆ ಬಹುತೇಕ ಇಲ್ಲ. 44.1ರಲ್ಲೇ ಹತ್ರತ್ರ 22 ಕಿಲೋಹರ್ಟ್ಸ್‌ವರೆಗಿನ ಶಬ್ದ (ಇಲ್ಲಿ ಕಿಲೋಹರ್ಟ್ಸ್ ಅಂದ್ರೆ ದನಿ ಎಷ್ಟು ಕೀಚಲು ಅನ್ನೋ ಲೆಕ್ಕ) ಬಂದ್ಬಿಡುತ್ತೆ, ಎಳೇ ಕಿವಿಗೇ 20ರ ಮೇಲೆ ಕೇಳ್ಸಲ್ಲ, ನಮ್ಮ ವಯಸ್ಸಿನವ್ರ ಮಾತು ಬಿಡಿ. 16 ಬಿಟ್ ಅಂದ್ರೆ ಅತಿ ಜೋರು ದನಿಗೂ ಅತಿ ಸಣ್ಣ ದನಿಗೂ ಸುಮಾರು 96 ಡೆಸಿಬಲ್ ಅಂತರ, ಫ್ಯಾನ್ ತಿರುಗೋ ರೂಮಲ್ಲಿ ಅಷ್ಟು ಸಣ್ಣ ದನಿ ಹುಡುಕೋಕೆ ಹೋದ್ರೆ ಫ್ಯಾನೇ ಕೇಳ್ಸೋದು. 70ರ ದಶಕದ ಟೇಪಿಂದ ಬಂದ ಹಾಡು 192ರಲ್ಲಿದ್ರೆ ಟೇಪಿನ ಸೊಯ್ ಅನ್ನೋ ಸದ್ದು ಇನ್ನೂ ನಿಚ್ಚಳವಾಗಿ ಬರುತ್ತೆ ಅಷ್ಟೇ! ಮಾಸ್ಟರಿಂಗ್ (ಬಿಡುಗಡೆಗೆ ಮುಂಚೆ ಹಾಡಿನ ದನಿ ಹದ ಮಾಡೋದು) ಬೇರೆ ಆಗಿದ್ರೆ ಮಾತ್ರ ವ್ಯತ್ಯಾಸ ದೊಡ್ಡದು. ಡೇಟಾ ಲೆಕ್ಕಾನೂ ನೋಡಿ, ಆಪಲ್ ಹೇಳೋ ಪ್ರಕಾರ 3 ನಿಮಿಷದ ಹಾಡು 24 ಬಿಟ್ 192ರಲ್ಲಿ 145 ಎಂಬಿ, 24 ಬಿಟ್ 48ರ ಲಾಸ್‌ಲೆಸ್‌ನಲ್ಲಿ (ಏನೂ ಕಳಕೊಳ್ಳದೆ ಅಮುಕಿದ್ದು) 36. ಮೊದ್ಲು ಆ್ಯಪ್‌ನಲ್ಲಿ ಬರೀ ಲಾಸ್‌ಲೆಸ್ ಇಟ್ಟು, ಈಗಿರೋ ಯುಎಸ್‌ಬಿಯಲ್ಲೇ ಒಂದು ವಾರ ಕೇಳಿ, ಏನೋ ಕಮ್ಮಿ ಅನ್ಸಿದ್ರೆ ಆಗ ಕನ್ವರ್ಟರ್.

ಪ್ರಶ್ನೆ: ಇದೇ ಡ್ಯಾಕ್‌ಗೆ ಬ್ಲೂಟೂತ್ ರಿಸೀವರ್ ಹಾಕಿದ್ರೆ ವೈರ್ ಗೋಜೇ ಇರಲ್ವಲ್ಲ?

ಉತ್ತರ: ಗೋಜಿರಲ್ಲ, ಲಾಸ್‌ಲೆಸ್ಸೂ ಇರಲ್ಲ. ಐಫೋನಿಂದಾದ್ರೆ ಹಾಡನ್ನ ಸಾಮಾನ್ಯವಾಗಿ ಎಎಸಿಗೆ (ಸ್ವಲ್ಪ ಬಿಟ್ಟು ಚಿಕ್ಕದು ಮಾಡೋ ಫಾರ್ಮ್ಯಾಟ್) ಅಮುಕಿ ಕಳಿಸುತ್ತೆ. ಅಡುಗೆಮನೆಯಲ್ಲಿ ಕೆಲಸ ಮಾಡ್ತಾ ಕೇಳೋಕೆ ಧಾರಾಳ ಸಾಕು, ನಾನೂ ಹಾಗೇ ಕೇಳೋದು.