ಮುಟ್ಟು ತಪ್ಪುವ ಮುಂಚೆಯೇ ಬನ್ನಿ

ಪ್ರಶ್ನೆ: ಡಾಕ್ಟರ್ ಮೇಡಂ, ನನಗೆ 27 ವರ್ಷ. ಎತ್ತರ 154 ಸೆಂ.ಮೀ., ತೂಕ 78 ಕೆ.ಜಿ. ಈಗ ಮಗು ಬೇಕು ಅಂದುಕೊಂಡಿದ್ದೇವೆ. ನನ್ನ ಓರಗಿತ್ತಿಯೂ ದಪ್ಪ. ಹೋದ ವರ್ಷ ಅವರ ಮಗು ಹುಟ್ಟಿದ ನಾಲ್ಕನೇ ದಿನಕ್ಕೆ ತೀರಿಹೋಯಿತು. 'ಮೈಯಲ್ಲಿ ಅಷ್ಟು ಕೊಬ್ಬಿದ್ದರೆ ಕೂಸು ಉಳಿಯುತ್ತಾ' ಅಂತ ಊರವರು ಆಡಿಕೊಳ್ಳುತ್ತಾರೆ. ಅತ್ತೆ ಮಾತ್ರ 'ಬಸುರಿ ಮೈ ತುಂಬಿಕೊಂಡಿದ್ದರೇ ಒಳ್ಳೇದು' ಅನ್ನುತ್ತಾರೆ. ಯಾರ ಮಾತು ನಂಬಲಿ?
- ಹೆಸರು ಬೇಡ, ಸಕಲೇಶಪುರ ತಾಲ್ಲೂಕು

ಉತ್ತರ: ಮೊದಲು ನಿಮ್ಮ ಓರಗಿತ್ತಿಯ ವಿಷಯ. ನಾಲ್ಕು ದಿನದ ಕೂಸು ಹೋಗಲು ಹೆರಿಗೆಯಲ್ಲಿ ಉಸಿರುಕಟ್ಟಿದ್ದು, ದಿನ ತುಂಬದಿರುವುದು, ಸೋಂಕು, ಹೃದಯದ ದೋಷ, ಹೀಗೆ ಎಷ್ಟೋ ಕಾರಣ. ಕಾಗದಪತ್ರ ನೋಡದೆ ನಾನೇ ಹೇಳಲಾರೆ, ಜಗಲಿ ಮೇಲೆ ಕೂತವರು ಹೇಗೆ ಹೇಳುತ್ತಾರೆ?

ಆದರೆ ತೂಕಕ್ಕೂ ಮಗುವಿಗೂ ಸಂಬಂಧವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಸ್ವೀಡನ್ನಿನಲ್ಲಿ 1992ರಿಂದ 2010ರವರೆಗಿನ 18 ಲಕ್ಷ ಹೆರಿಗೆಗಳ ಲೆಕ್ಕ ನೋಡಿದ್ದಾರೆ. ಸರಿಯಾದ ತೂಕದ ತಾಯಂದಿರ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮುಂಚೆ ಹೋದವು 2.4. ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಎಂದು ಅಳೆಯುವ ಲೆಕ್ಕ) 40 ದಾಟಿದವರಲ್ಲಿ 5.8. ದುಪ್ಪಟ್ಟಿಗಿಂತ ಜಾಸ್ತಿ, ನಿಜ. ಆದರೂ ಸಾವಿರಕ್ಕೆ 994 ಮಕ್ಕಳು ಉಳಿದವು, ಅದನ್ನೂ ಓದಿಕೊಳ್ಳಿ.

ನಿಮ್ಮ ಬಿಎಂಐ ಹತ್ತಿರ ಹತ್ತಿರ 33. ನಮ್ಮ ದೇಶದವರಿಗೆ 25 ದಾಟಿದರೇ ಬೊಜ್ಜು ಎಂದು ಲೆಕ್ಕ. ಬೊಜ್ಜಿನ ಹಿಂದೆಯೇ ಬಸಿರಿನ ಶುಗರ್ ಬರುತ್ತದೆ. ತಾಯಿಯ ಸಕ್ಕರೆ ಮಗುವಿಗೂ ಇಳಿದು ಕೂಸು ದೊಡ್ಡದಾಗುತ್ತದೆ, ಹೆರಿಗೆಯಲ್ಲಿ ತಲೆ ಬಂದು ಭುಜ ಸಿಕ್ಕಿಕೊಳ್ಳುತ್ತದೆ. ಆ ಎರಡು ಮೂರು ನಿಮಿಷ ನಮ್ಮ ಕೈಯೂ ನಡುಗುತ್ತದೆ. ಬಿಪಿ ಏರಿದರೆ ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗುತ್ತದೆ. ಹೊಟ್ಟೆಯ ಕೊಬ್ಬಿನಿಂದ ಸ್ಕ್ಯಾನಿಂಗ್ ಚಿತ್ರ ಮಸುಕಾಗಿ ಮಗುವಿನ ಹೃದಯ ಸರಿಯಾಗಿ ಕಾಣದೆಯೂ ಹೋಗಬಹುದು. (ಬಿಪಿ ನೋಡುವಾಗ ತೋಳಿನ ಪಟ್ಟಿ ಬಿಗಿಯೆನಿಸಿದರೆ ದೊಡ್ಡದು ಕೇಳಿ. ಚಿಕ್ಕ ಪಟ್ಟಿ ಇಲ್ಲದ ಬಿಪಿಯನ್ನೂ ತೋರಿಸುತ್ತದೆ.)

ನಿಮಗಿರುವ ಅನುಕೂಲ ಅಂದರೆ ಮುಟ್ಟು ಇನ್ನೂ ತಪ್ಪಿಲ್ಲ. ನಾಲ್ಕರಿಂದ ಎಂಟು ಕೆ.ಜಿ. ಇಳಿಸಿದರೂ ಲಾಭವಿದೆ. ಅಕ್ಕಿ ರೊಟ್ಟಿ, ಕಡುಬು ಬಿಡಿ ಅನ್ನುವುದಿಲ್ಲ, ಮೂರನೆಯದಕ್ಕೆ ಕೈ ಹಾಕಬೇಡಿ. ಕಾಫಿ ಸೀಮೆಯವರು ನೀವು. ಎರಡು ಚಮಚದಂತೆ ದಿನಕ್ಕೆ ಐದು ಲೋಟವಾದರೆ ಹತ್ತು ಚಮಚ ಸಕ್ಕರೆ, ಮೊದಲು ಕೈ ಬಿಡಬೇಕಾದದ್ದು ಅದನ್ನು. ಶುಗರ್, ಬಿಪಿ, ಥೈರಾಯ್ಡ್ ಈಗಲೇ ನೋಡಿಸಿ. ಫೋಲಿಕ್ ಆಸಿಡ್ ಮಾತ್ರೆಯನ್ನೂ ಈಗಲೇ ಶುರುಮಾಡಬೇಕು. ಮಗುವಿನ ಮೆದುಳು-ಬೆನ್ನುಹುರಿಯ ಕೊಳವೆ ಗರ್ಭ ಕಟ್ಟಿದ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ, ಅಷ್ಟರಲ್ಲಿ ಎಷ್ಟೋ ಜನಕ್ಕೆ ಬಸುರಿ ಅಂತಲೇ ಗೊತ್ತಿರುವುದಿಲ್ಲ. ನಿಮ್ಮ ತೂಕಕ್ಕೆ ಎಷ್ಟು ಮಿಲಿಗ್ರಾಂ ಎಂದು ವೈದ್ಯರನ್ನೇ ಕೇಳಿ, ಮಾಮೂಲಿಗಿಂತ ಹೆಚ್ಚು ಬೇಕಾಗಬಹುದು.

ಬಸಿರಾದ ಮೇಲೆ ಮಾತ್ರ ಪಥ್ಯ ಹಿಡಿದು ತೂಕ ಇಳಿಸಬೇಡಿ. ಆಗ ಐದರಿಂದ ಒಂಬತ್ತು ಕೆ.ಜಿ. ಏರಿದರೆ ಸಾಕು, 'ಇಬ್ಬರ ಊಟ' ಮಾಡಬೇಕಿಲ್ಲ. ಅತ್ತೆಯವರಿಗೆ ಇದನ್ನು ನಾನೇ ಹೇಳಿದೆ ಅನ್ನಿ. ಹೆರಿಗೆಗೆ ನವಜಾತ ಶಿಶು ಘಟಕವಿರುವ ಆಸ್ಪತ್ರೆಯನ್ನೇ ಗೊತ್ತುಮಾಡಿಕೊಳ್ಳಿ. ನೋವು ಬಂದ ಮೇಲೆ ಮಳೆಯಲ್ಲಿ ಹಾಸನದವರೆಗೆ ನಲವತ್ತು ಕಿಲೋಮೀಟರ್ ಓಡುವ ಪಾಡು ಬೇಡ.

ತಪಾಸಣೆಗೆ ಹೋಗುವಾಗ ಓರಗಿತ್ತಿಯನ್ನೂ ಕರೆದುಕೊಂಡು ಹೋಗಿ. ಮಗುವಿನ ಡಿಸ್ಚಾರ್ಜ್ ಚೀಟಿ ಇದ್ದರೆ ಅದೂ ಜೊತೆಗಿರಲಿ.